ಮಡಚದ ಕಾಲು

ಲೋಕ ಅದಾಲತ್ತಿನ ದಿನ ಚನ್ನರಾಯಪಟ್ಟಣದ ಕೋರ್ಟಿನ ಹಜಾರದಲ್ಲಿ ಮದುವೆಮನೆಯಷ್ಟು ಜನ ಸೇರಿದ್ದರು. ರುದ್ರಯ್ಯನವರು ಕಿಟಕಿಯ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ ಹಚ್ಚಿಕೊಂಡ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಅವರ ವಕೀಲೆ ರಂಜಿತಾ ಒಂದು ಹಾಳೆ ಹಿಡಿದು ಬಂದಳು.

“ಇನ್ಶೂರೆನ್ಸ್ ಕಂಪನಿಯವರು ರಾಜಿಗೆ ಒಪ್ಪಿದಾರೆ ಅಜ್ಜಾ. ಇವತ್ತೇ ಮುಗಿದುಹೋಗ್ತದೆ.”

“ಏನಂತ ಒಪ್ಪವ್ರೆ?”

“ಕಾಲು ಮುರಿದದ್ದಕ್ಕೆ ಪರಿಹಾರ ಕೊಡ್ತಾರಂತೆ. ಸಾವಿಗೆ ಅಲ್ಲ. ಅಜ್ಜಿ ತೀರಿಕೊಂಡಿದ್ದು ಸಕ್ಕರೆ ಕಾಯಿಲೆಯಿಂದ, ಟೆಂಪೋ ಗುದ್ದಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಅನ್ನೋದು ಅವರ ವಾದ.”

“ಅಂಗಾದ್ರೆ ಅವಳು ತನ್ನಷ್ಟಕ್ಕೆ ತಾನು ಸತ್ತಳು ಅಂತ ನಾನು ರುಜು ಹಾಕ್ಬೇಕು.”

ಪಕ್ಕದಲ್ಲಿ ನಿಂತಿದ್ದ ಮಗ ಸಿದ್ದೇಶ್ವರ ತಲೆ ಕೆರೆದುಕೊಂಡ. ಅವನಿಗೆ ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ. ವಾಯಿದೆಗೊಮ್ಮೆ ಅಂಗಡಿ ಮುಚ್ಚಿ ಬರುತ್ತಿದ್ದ. “ಸಾಕು ಬಿಡಪ್ಪ. ಶವಪರೀಕ್ಷೆ ಮಾಡಿಸ್ದೆ ಇದ್ದೋರು ನಾವೇ. ಈಗ ಯಾರ್ ಮೇಲೆ ಸಿಟ್ಟು?”

“ನಾವಲ್ಲ. ನಾನು,” ಎಂದರು ರುದ್ರಯ್ಯನವರು. “ರಾಜಿ ಬ್ಯಾಡ ಕಣವ್ವಾ ರಂಜಿತಾ. ಕೇಸು ನಡೀಲಿ.”

ಮಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎರಡು ವರ್ಷದ ಹಿಂದೆ ಹೊಳೆನರಸೀಪುರದ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಕಮಲಾಕ್ಷಮ್ಮನಿಗೆ ಇಟ್ಟಿಗೆ ತುಂಬಿದ ಟೆಂಪೋ ಗುದ್ದಿತ್ತು. ಮೊಣಕಾಲಿನ ಮೇಲೂ ಕೆಳಗೂ ಮೂಳೆ ಪುಡಿಯಾಗಿತ್ತು. ಹಾಸನದ ಆಸ್ಪತ್ರೆಯಲ್ಲಿ ಕಾಲಿನ ಹೊರಗಿನಿಂದ ಕಬ್ಬಿಣದ ಕಂಬಿ ತೂರಿಸಿ ಬಿಗಿದು, ಎರಡು ತಿಂಗಳು ಬಿಟ್ಟು ಬನ್ನಿ, ತೆಗೆಯೋಣ ಎಂದು ಕಳಿಸಿದ್ದರು. ಐದನೆಯ ವಾರ ಜ್ವರ ಬಂತು. ಕಂಬಿ ಹೊಕ್ಕ ಕಡೆ ಕೀವು ಕಾಣಿಸಿತು. ನಾಳೆ ಹಾಸನಕ್ಕೆ ಹೋಗೋಣ ಎಂದು ಕಾರು ಗೊತ್ತು ಮಾಡಿದ್ದರು. ಆ ನಾಳೆಯ ಬೆಳಿಗ್ಗೆ, ಕಾರು ಬರುವ ಮೊದಲೇ, ಆಕೆ ಶಿವೈಕ್ಯಳಾದಳು.

ಸುದ್ದಿ ತಿಳಿದು ಬಂದ ಪೊಲೀಸಿನವನು ಶವಪರೀಕ್ಷೆ ಆಗಬೇಕು ಎಂದ. ರುದ್ರಯ್ಯನವರು ಬಾಗಿಲಿಗೆ ಅಡ್ಡ ನಿಂತರು. ಲಿಂಗ ಕಟ್ಟಿದ ಮೈಯನ್ನು ಕೊಯ್ಯಿಸುವುದಿಲ್ಲ ಎಂದರು. ಅವನು ವಯಸ್ಸಾದವರ ಮುಖ ನೋಡಿ ಸುಮ್ಮನೆ ಹೋದ. ಸಂಜೆಯೊಳಗೆ ತೋಟದ ಮೂಲೆಯಲ್ಲಿ ಸಮಾಧಿಯೂ ಆಯಿತು. ಅಂದು ಕಾನೂನಿನ ವಿಷಯ ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಾಗಿಲು ಬಿಡುತ್ತಿರಲಿಲ್ಲವೇನೋ.

ಆದರೆ ಅಂದು ನಡೆದ ಇನ್ನೊಂದು ಸಂಗತಿ ಇತ್ತು. ಅದನ್ನು ಅವರು ಮಗನಿಗೂ ವಕೀಲೆಗೂ ಹೇಳಿರಲಿಲ್ಲ. ಗುಣಿಯ ಸುತ್ತ ಪರದೆ ಹಿಡಿದಿದ್ದರಿಂದ ಬಲ್ಲವರು ಮೂವರೇ: ಅವರು, ಕ್ರಿಯೆ ನಡೆಸಿದ ಮಠದ ಅಯ್ಯನವರು, ಗುಣಿ ತೋಡಿದ ಮಾದಯ್ಯ. ಅಯ್ಯನವರು ಅದೇ ವರ್ಷ ತೀರಿಕೊಂಡಿದ್ದರು.

ಮುಂದಿನ ತಿಂಗಳು ಪಾಟೀಸವಾಲು. ರುದ್ರಯ್ಯನವರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ಕಟಕಟೆ ಹತ್ತಿದರು. ಆಸ್ಪತ್ರೆಯ ವೈದ್ಯರು ಹಿಂದಿನ ವಾಯಿದೆಯಲ್ಲೇ ಸಾಕ್ಷಿ ಹೇಳಿ ಹೋಗಿದ್ದರು. ಕಂಬಿ ಕಾಲಲ್ಲೇ ಇದ್ದು ಕೀವಾಗಿದ್ದರೆ ನಂಜು ರಕ್ತಕ್ಕೇರಿ ಸಾವು ಬರಬಹುದು. ಕಂಬಿ ತೆಗೆಸಿ ಗಾಯ ಮಾಗಿದ್ದರೆ ಬರಲಾರದು. ಸಾಯುವ ದಿನ ಕಾಲು ಹೇಗಿತ್ತೋ ತಾವು ನೋಡಿಲ್ಲ ಎಂದಿದ್ದರು. ಇಡೀ ಮೊಕದ್ದಮೆ ಈಗ ಆ ಒಂದು ಕಾಲಿನ ಮೇಲೆ ನಿಂತಿತ್ತು.

ಕಂಪನಿಯ ವಕೀಲ ಗೌರೀಶಂಕರ ಮೆಲುದನಿಯ ಮನುಷ್ಯ. ಅವನೂ ಹಣೆಗೆ ವಿಭೂತಿ ಹಚ್ಚಿದ್ದ.

“ನಿಮ್ಮಲ್ಲಿ ದೇಹವನ್ನು ಮಲಗಿಸಿ ಹೂಳ್ತಾರೋ, ಕೂರಿಸಿಯೋ, ಯಜಮಾನರೇ?”

“ಕೂರಿಸಿ.”

“ಕಾಲು?”

“ಪದ್ಮಾಸನ.”

“ಎರಡೂ ಕಾಲು ಮಡಚಿ?”

ಉತ್ತರಕ್ಕೆ ಕಾಯದೆ ವಕೀಲ ಒಂದು ಫೋಟೋ ಮುಂದೆ ಹಿಡಿದ. ತೋಟದ ಮೂಲೆಯ ಗದ್ದಿಗೆ. ನಾಲ್ಕೂ ಮಗ್ಗುಲು ಒಂದೇ ಅಳತೆಯ, ಕಲ್ಲು ಹಾಸಿದ ಚೌಕ.

“ಇದು ನೀವೇ ಕಟ್ಟಿಸಿದ್ದು ತಾನೆ? ಇದರೊಳಗೆ ಕಾಲು ಚಾಚಿ ಕೂರೋಕೆ ಜಾಗ ಇದೆಯಾ?”

“ಇಲ್ಲ.”

“ಅಂದ್ರೆ ನಿಮ್ಮ ಹೆಂಡತಿಯ ಕಾಲು ಮಡಚ್ತಿತ್ತು. ಕಂಬಿ ಬೇರೆ ಎಲ್ಲೋ ತೆಗೆಸಿದ್ರಿ, ಗಾಯ ವಾಸಿಯಾಗಿತ್ತು. ಹೌದೋ ಅಲ್ಲವೋ?”

ರಂಜಿತಾ ಆಕ್ಷೇಪಿಸಲು ಎದ್ದಳು. ರುದ್ರಯ್ಯನವರಿಗೆ ಆ ಸಂಜೆ ಕಣ್ಣ ಮುಂದೆ ಬಂತು. ಗುಣಿಯೊಳಗೆ ಇಳಿಸಿದರೆ ಬಲಗಾಲು ಕೋಲಿನಂತೆ ಸೆಟೆದಿತ್ತು. ಅಂಗೈಯಲ್ಲಿ ಲಿಂಗ ಹಿಡಿದು ಕೂರಬೇಕಾದವಳು ಗುರುವಿನ ಎದುರು ಕಾಲು ಚಾಚಿ ಕೂತಳಲ್ಲ ಎಂದು ಅವರು ತಲೆ ತಗ್ಗಿಸಿದ್ದರು. ಅಯ್ಯನವರು, ಇದು ಹೊರಗೆ ಹೋಗುವುದು ಬೇಡ ಎಂದಿದ್ದರು. ಅದಕ್ಕೇ ಗದ್ದಿಗೆಯನ್ನು ಚೌಕವಾಗಿ ಕಟ್ಟಿಸಿದ್ದರು. ಪಾದವಿದ್ದ ಕಡೆ ಬರಿ ಮಣ್ಣು. ಅಲ್ಲಿ ತುಂಬೆ ಗಿಡ ಹಾಕಿ, ಯಾರೂ ತುಳಿಯದ ಹಾಗೆ ಕಾಯುತ್ತಿದ್ದರು. ತಾವು ಮುಚ್ಚಿಟ್ಟದ್ದೇ ಈಗ ಅವಳ ಎದುರು ಸಾಕ್ಷಿ ನುಡಿಯುತ್ತಿತ್ತು.

ನ್ಯಾಯಾಧೀಶೆ ಬೆರಳಚ್ಚುಗಾರನಿಗೆ ಕೈಸನ್ನೆ ಮಾಡಿ ತಡೆದರು. “ನಿಧಾನವಾಗಿ ಹೇಳಿ. ಕಾಲು ಮಡಚಿತ್ತಾ?”

“ಇಲ್ಲ ತಾಯಿ. ಮಡಚ್ನಿಲ್ಲ. ಕಂಬಿ ಅಂಗೇ ಇತ್ತು. ಮಾದಯ್ಯ ಮತ್ತೆ ಗುಣಿಗೆ ಇಳಿದು ಮುಂದ್ಕೆ ತೋಡ್ದ. ಕಾಲು ಚಾಚ್ಕೊಂಡೇ ಕೂತವ್ಳೆ ನನ್ನ ಹೆಂಡ್ತಿ.”

“ಮತ್ತೆ ಚೌಕ ಯಾಕೆ ಕಟ್ಟಿಸಿದ್ರಿ?” ಎಂದ ಗೌರೀಶಂಕರ.

“ನಾಚ್ಕೆಗೆ.”

“ಈಗ ಕೇಸಿಗೋಸ್ಕರ ಹೊಸ ಕತೆ ಕಟ್ತಿದೀರಿ. ಸಮಾಧಿ ತೆಗೆಸಿ ನೋಡೋಣ ಅಂದ್ರೆ ಒಪ್ತೀರಾ?”

ವಕೀಲ ಒಪ್ಪಿಗೆಯನ್ನು ನಿರೀಕ್ಷಿಸಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತಿದ್ದವರ ವಿಚಾರ ಅವನ ಕಡತದಲ್ಲಿತ್ತು.

ರುದ್ರಯ್ಯನವರು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದರು. “ಅವತ್ತು ಒಪ್ನಿಲ್ಲ. ತೆಪ್ಪು ನಂದು. ಇವತ್ತು ತೆಗ್ಸಿ. ಮೊದಲ ಗುದ್ದಲಿ ನಾನೇ ಆಕ್ತೀನಿ. ಶಿವ ನನ್ನ ಕೇಳಿದ್ರೆ ಅಲ್ಲಿ ಉತ್ತರ ಕೊಟ್ಕೋತೀನಿ. ಅವಳು ಸುಮ್ಸುಮ್ನೆ ಸತ್ತಳು ಅನ್ನೋ ಮಾತು ಮಾತ್ರ ನಿಲ್ಬಾರ್ದು.”

ಕೆಳಗೆ ಕೂತಿದ್ದ ಸಿದ್ದೇಶ್ವರ ಎದ್ದು ನಿಂತಿದ್ದ. ದಫೇದಾರ ಅವನ ಹೆಗಲು ಒತ್ತಿ ಕೂರಿಸಿದ.

ನ್ಯಾಯಾಧೀಶೆ, ಮೊದಲು ಗುಣಿ ತೋಡಿದವನನ್ನು ಕರೆಸಿ, ಆಮೇಲೆ ನೋಡೋಣ ಎಂದು ವಾಯಿದೆ ಹಾಕಿದರು. ಹೊರಗೆ ಬಂದ ಮೇಲೆ ಸಿದ್ದೇಶ್ವರ, “ನನಗಾದ್ರೂ ಹೇಳ್ಬೋದಿತ್ತಲ್ಲಪ್ಪ,” ಎಂದ. “ಹೌದು ಕಣಪ್ಪಾ,” ಎಂದರು ರುದ್ರಯ್ಯನವರು. ಅಂದಿನಿಂದ ಅವನು ವಾಯಿದೆಗೆ ಅಂಗಡಿ ಮುಚ್ಚಿ ಬರಬೇಕಲ್ಲ ಎಂದು ಗೊಣಗಲಿಲ್ಲ.

ಮಾದಯ್ಯ ಒಗೆದ ಅಂಗಿ ತೊಟ್ಟು ಬಂದ. ಕಟಕಟೆ ಹತ್ತಿದವನು ಅದರ ಆಳ ಅಳೆಯುವವನ ಹಾಗೆ ಸುತ್ತಲೂ ನೋಡಿದ.

“ಇದುವರೆಗೂ ಎಷ್ಟು ಗುಣಿ ತೋಡಿದೀಯಪ್ಪ?” ಎಂದ ಗೌರೀಶಂಕರ.

“ಊರಲ್ಲಿ ಉಳ್ದಿರೋರ್ನ ಎಣ್ಸೋದೇ ಸಲೀಸು ಸಾ.”

ಜನ ನಕ್ಕರು. ವಕೀಲನೂ ನಕ್ಕ. “ಅಷ್ಟರಲ್ಲಿ ಇದೊಂದು ಮಾತ್ರ ನೆನಪಿದೆಯಾ? ಯಜಮಾನರು ಹೇಳಿಕೊಟ್ಟಿದ್ದಾ?”

“ತೋಡಿ ಮುಗ್ಸಿದ್ ಗುಣೀನ ತಿರ್ಗಾ ತೋಡಿದ್ದು ಇದೊಂದೇ ಸಾ. ಅವ್ವಾರ ಬಲಗಾಲು ಗುಣೀಲಿ ಇಡೀನಿಲ್ಲ. ಒಂದೂವರೆ ಮೊಳ ಮುಂದ್ಕೆ ತಗ್ದೆ. ಕಾಲು ಸರಿಮಾಡಕ್ಕೆ ಓದಾಗ ಕಂಬಿ ತುದಿ ಗೀರ್ತು.” ಅವನು ತೋಳು ಮಡಿಸಿ ಮುಂಗೈ ತೋರಿಸಿದ. ಬಿಳಿಯ ಗೀರು ಇನ್ನೂ ಇತ್ತು. “ಕೀವು ಕೈಗೆಲ್ಲ ಆಯ್ತು. ಸೋಪಾಕಿ ಉಜ್ಜಿದ್ರೂ ಮೂರ್ ದಿನ ವಾಸ್ನೆ ಓಗ್ನಿಲ್ಲ. ಉಣ್ಣಕ್ಕೆ ಕೂತ್ರೆ ಅದೇ ನೆಪ್ಪು. ಇದ್ನೆಲ್ಲ ಯಾರ್ ಯೇಳ್ಕೊಡ್ತಾರೆ ಸಾ?”

ರುದ್ರಯ್ಯನವರು ಕಣ್ಣು ಮುಚ್ಚಿಕೊಂಡರು. ಕೀವಿನ ಮಾತು ಮಾದಯ್ಯ ಅವರಿಗೂ ಹೇಳಿರಲಿಲ್ಲ.

ಗೌರೀಶಂಕರ ಕಡತವನ್ನು ಒಂದೆರಡು ಸಲ ಮಗುಚಿದ. ಮತ್ತೆ ಪ್ರಶ್ನೆ ಇಲ್ಲ ಎಂದ. ಸಮಾಧಿ ತೆಗೆಸುವ ಬೇಡಿಕೆ ಇದೆಯೇ ಎಂದು ನ್ಯಾಯಾಧೀಶೆ ಕೇಳಿದರು. ಅವನು ಕಟಕಟೆಯ ಕಡೆ ನೋಡಲಿಲ್ಲ. ಬೇಡಿಕೆ ಇಲ್ಲ ಎಂದ.

ತೀರ್ಪು ಶ್ರಾವಣದಲ್ಲಿ ಬಂತು. ರಂಜಿತಾ ಪುಟ ತಿರುವುತ್ತಾ, ಎಷ್ಟು ಕೊಡಿಸಿದ್ದಾರೆ ಎಂದು ಹೇಳಲು ಹೊರಟಳು. ರುದ್ರಯ್ಯನವರು ಕೈ ಅಡ್ಡ ಹಿಡಿದರು. “ಅದು ಆಮೇಲೆ ಆಗ್ಲಿ. ಅವಳ ಮಾತು ಎಲ್ಲೈತೆ, ಅದ ಓದು.”

ಅವಳು ಹುಡುಕಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದಿದಳು. “ಕಮಲಾಕ್ಷಮ್ಮನವರ ಸಾವು ಸದರಿ ಅಪಘಾತದಲ್ಲಿ ಆದ ಗಾಯದಿಂದಲೇ ಸಂಭವಿಸಿದೆ.”

“ಇನ್ನೊಂದ್ಸಲ.”

ಅವಳು ಇನ್ನೊಂದು ಸಲ ಓದಿದಳು.

ಮರುದಿನ ಗಾರೆ ಕೆಲಸದ ಧರ್ಮೇಂದ್ರ ತೋಟಕ್ಕೆ ಬಂದ. ತುಂಬೆ ಗಿಡಗಳನ್ನು ಬೇರು ಕಡಿಯದಂತೆ ಎತ್ತಿ ಪಕ್ಕಕ್ಕೆ ನೆಟ್ಟಾಗಿತ್ತು. ಅವನು ಗದ್ದಿಗೆಯನ್ನು ಒಂದು ಸುತ್ತು ಬಂದು ನೋಡಿದ.

“ಎಷ್ಟು ಚೆನ್ನಾಗದೆ ಚೌಕ. ಈ ಕಡೆ ಮಾತ್ರ ಚಾಚುದ್ರೆ ಕೆಟ್ಟೋಯ್ತದೆ ಕಣಯ್ನೋರೆ.”

“ಕೆಡ್ಲಿ.”

“ನೋಡ್ದೋರು ಏನ್ ಅಂತ ಕೇಳ್ತಾರೆ.”

“ಕೇಳ್ದೋರಿಗೆ ನಾನು ಯೇಳ್ಕೋತೀನಿ. ದಾರ ಇಡಿ. ಒಂದೂವರೆ ಮೊಳ.”

ಧರ್ಮೇಂದ್ರ ದಾರದ ಒಂದು ತುದಿಯನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದ. ರುದ್ರಯ್ಯನವರು ಇನ್ನೊಂದು ತುದಿ ಹಿಡಿದು, ಬಿಗಿಯಾಗುವವರೆಗೂ ಹಿಂದೆ ಸರಿದು, ಅವಳ ಪಾದವಿದ್ದ ಕಡೆ ಮೊಣಕಾಲೂರಿ ಕೂತರು.