ಅರ್ಧ ಹೊಲಿದ ನಿಘಂಟು

ಮೊಬೈಲಿನ ಪರದೆಯಲ್ಲಿ ಅತ್ತೆಯ ಮುಖ ಕಂಡಿತು. ತೊಂಬತ್ತೆರಡರ ಮುಖ, ಹಿಡಿಯಷ್ಟಾಗಿತ್ತು. ಕಣ್ಣು ಮಾತ್ರ ಅವೇ.

"ಅತ್ತೆ, ನಾನು."

"ಕೂತ್ಕೊಳ್ಳಿ," ಎಂದರು ಅತ್ತೆ, ಗಿರಾಕಿಗೆ ಹೇಳುವ ಹಾಗೆ. "ನಮ್ಮ ಹುಡುಗಿ ಹೊರಗೆ ಹೋಗಿದ್ದಾಳೆ. ಈಗ ಬಂದ್ಬಿಡ್ತಾಳೆ."

ಆ ಹುಡುಗಿ ತಾನೇ ಎಂದು ಅರವತ್ತಾರರ ನರೆತ ತಲೆ ಹೊತ್ತ ರಟ್ಟಮ್ಮ ಹೇಗೆ ನಂಬಿಸಿಯಾಳು?

ಪುಸ್ತಕಗಳಿಗೆ ರಟ್ಟು ಕಟ್ಟುವವಳಾದ್ದರಿಂದ ಓಣಿಯವರು ಇಟ್ಟ ಹೆಸರು ಅದು. ಆ ವಿದ್ಯೆ ಕಲಿಯಲೆಂದು ಇಪ್ಪತ್ತೈದರಲ್ಲಿ ಕಡಲು ದಾಟಿ ಹೋದವಳನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸಿದವರು ಈ ಅತ್ತೆ. ರಕ್ತಸಂಬಂಧವೇನಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲ ಎಂದಾಗ, ನಿಮ್ಮಲ್ಲಿ ಏನೇನು ಕರೆಯುತ್ತೀರಿ ಎಂದು ಒಂದೊಂದನ್ನೂ ಕೇಳಿ, ಅವರೇ ಆರಿಸಿದ್ದು. "ಅಮ್ಮ ಬೇಡ, ನಿನಗೊಬ್ಬಳಿದ್ದಾಳೆ. ಅತ್ತೆ ಅನ್ನು. ಜಗಳ ಆಡೋಕೆ ಇಬ್ಬರಿಗೂ ಹಕ್ಕಿರುತ್ತೆ."

ಕೆಲಸದಲ್ಲಿ ಹುಲಿ. ಹೊಲಿಗೆ ಸಡಿಲವಾದರೆ, "ಇದೇನು ಪುಸ್ತಕಾನೋ, ಕಾಯಿಪಲ್ಯದ ಚೀಲಾನೋ?" ಎನ್ನುತ್ತಿದ್ದರು. ಆದರೆ ಚಳಿಗಾಲದ ಬೆಳಿಗ್ಗೆ ಅಂಟಿಗೆ ಹಿಟ್ಟು ತರಲು ಹೊರಟರೆ ಅವಳ ಕೈಗವಸು ಹೀಟರಿನ ಮೇಲೆ ಬೆಚ್ಚಗೆ ಕಾದಿರುತ್ತಿತ್ತು. ಯಾರಿಟ್ಟದ್ದು ಎಂದರೆ, "ಬೆಕ್ಕು." ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಎರಡನೆಯ ವರ್ಷ ಅಪ್ಪ ಹಾಸಿಗೆ ಹಿಡಿದ ಸುದ್ದಿ ಬಂತು. ಆಗ ಅವಳು ಅತ್ತೆಯ ಹಳೆಯ ನಿಘಂಟು ಹೊಲಿಯುತ್ತಿದ್ದಳು. ಅರ್ಧಕ್ಕೇ ಸೂಜಿ ಚುಚ್ಚಿಟ್ಟು, "ತಿಂಗಳಲ್ಲಿ ಬರ್ತೀನಿ ಅತ್ತೆ" ಎಂದಳು.

"ಹೋಗಿ ಬಾ. ಇದನ್ನ ಯಾರೂ ಮುಟ್ಟಲ್ಲ. ಒಬ್ಬರ ಹೊಲಿಗೆ ಇನ್ನೊಬ್ಬರು ಮುಗಿಸಿದರೆ ದಾರದ ಎಳೆತ ಬೇರೆಯಾಗುತ್ತೆ."

ಆ ತಿಂಗಳು ನಲವತ್ತು ವರ್ಷವಾಯಿತು. ಅಪ್ಪನ ಆರೈಕೆ, ತಂಗಿಯರ ಮದುವೆ, ತನ್ನ ಸಂಸಾರ, ಒಂದಲ್ಲ ಒಂದು. ಅತ್ತೆಯ ಒಂದು ಪತ್ರದಲ್ಲೂ 'ಯಾವಾಗ ಬರ್ತೀಯ' ಎಂಬ ಮಾತಿರಲಿಲ್ಲ.

ಈಗ ಫೋನಿನಲ್ಲಿ ಅತ್ತೆಯ ಮಗಳು ಪಿಸುಗುಟ್ಟಿದಳು. "ಅಕ್ಕ, ಮೂರು ದಿನದಿಂದ ಅಮ್ಮ ತುತ್ತು ಮುಟ್ಟಿಲ್ಲ. ಆ ನಿಘಂಟು ಅವಚಿಕೊಂಡು ಕೂತಿದ್ದಾಳೆ. ಹುಡುಗಿ ಬಂದು ಮುಗಿಸಲಿ, ಆಮೇಲೆ ಊಟ ಅಂತಾಳೆ. ನೀವು ಬರೋಕೆ ಆಗಲ್ವಾ?"

"ಹೃದಯದ ಆಪರೇಷನ್ ಆಗಿ ಇಪ್ಪತ್ತೇ ದಿನ ಕಣಮ್ಮ. ಡಾಕ್ಟರು ಮೆಟ್ಟಿಲು ಹತ್ತೋಕೂ ಬಿಡ್ತಿಲ್ಲ."

"ಹಾಗಾದ್ರೆ ಹೇಳಿಕೊಡಿ, ನಾನೇ ಹೊಲೀತೀನಿ. ಕೈಗುಣ ಇಲ್ಲ ಅಂತ ಅಮ್ಮ ನನ್ನನ್ನ ಹೊಲಿಗೆ ಕೋಣೆಗೇ ಸೇರಿಸ್ತಿರಲಿಲ್ಲ, ಗೊತ್ತಲ್ಲ!"

ಮಗಳು ಪುಸಲಾಯಿಸಿ ನಿಘಂಟನ್ನು ಮೇಜಿಗೆ ತಂದಳು. ರಟ್ಟಮ್ಮ ಮಾತಿನಲ್ಲೇ ಸೂಜಿ ನಡೆಸಿದಳು. "ಒಳಗಿಂದ ತೆಗೀರಿ. ಹಿಂದಿನ ದಾರದ ಕೆಳಗೆ ಹಾಯಿಸಿ. ಎಳೀರಿ... ಅಷ್ಟಲ್ಲ, ಸ್ವಲ್ಪ ಬಿಡಿ." ಹೇಳುತ್ತ ಹೇಳುತ್ತ ಅವಳ ಬೆರಳುಗಳೂ ಗಾಳಿಯಲ್ಲಿ ಹೊಲಿಯುತ್ತಿದ್ದವು. ಹಾಳೆಗಳ ಒಂದು ಮಡಿಕೆ ಪುಸ್ತಕಕ್ಕೆ ಸೇರಿತು.

ಅತ್ತೆ ಕಣ್ಣು ಮುಚ್ಚಿ ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳು ಸವರಿದರು. ನಲವತ್ತು ವರ್ಷ ಹಳೆಯ ದಾರಗಳ ಮೇಲೆ ಅದು ಎಲ್ಲೂ ತಡೆಯಲಿಲ್ಲ. ಕೊನೆಯದರ ಮೇಲೆ ನಿಂತಿತು.

"ಇದು ಅವಳ ಕೈ ಅಲ್ಲ."

ಸಿಟ್ಟಿರಲಿಲ್ಲ. ಹೊಸ ದಾರವನ್ನು ನಿಧಾನವಾಗಿ ಬಿಚ್ಚಿ, ವ್ಯರ್ಥವಾಗದಂತೆ ಬೆರಳಿಗೆ ಸುತ್ತಿಕೊಂಡರು. ಪಕ್ಕದಲ್ಲಿ ಊಟದ ತಟ್ಟೆ ಹಾಗೇ ಇತ್ತು.

"ಅತ್ತೆ, ನಾನೇ ಅತ್ತೆ! ಬಂದಿದ್ದೀನಿ, ನೋಡಿ," ಎಂದಳು ರಟ್ಟಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅತ್ತೆ ಪರದೆಯತ್ತ ಬಾಗಿದರು. "ಅಯ್ಯೋ, ನೀವ್ಯಾಕೆ ಅಳ್ತೀರಿ? ಬರ್ತಾಳೆ ಅವಳು. ಮಾತು ಕೊಟ್ಟು ಹೋಗಿದ್ದಾಳೆ." ಆಮೇಲೆ ಮಗಳ ಕಡೆ ತಿರುಗಿದರು. "ಅವಳ ಕೈಗವಸು ಹೀಟರ್ ಮೇಲೆ ಇಡು. ಚಳಿ ಅಂದ್ರೆ ಅಳುತ್ತೆ ಅದು."

ಮಗಳು ತನ್ನ ಕೋಟಿನ ಜೇಬಿನಿಂದ ತನ್ನವೇ ಕೈಗವಸು ತೆಗೆದು ಹೀಟರಿನ ಮೇಲೆ ಜೋಡಿಸಿಟ್ಟಳು.

ಇತ್ತ ಸೆಖೆಯ ಕೋಣೆಯಲ್ಲಿ ರಟ್ಟಮ್ಮನ ಬೆರಳುಗಳು ಇಲ್ಲದ ಸೂಜಿಯನ್ನು ಇನ್ನೂ ಹಿಡಿದೇ ಇದ್ದವು.