ಗುಬ್ಬಿಗೊಂದು ಕೋವಿ

ಕೋವಿ ಕೋಣೆಯ ಗೋಡೆಗೆ ಹನ್ನೊಂದು ಕೋವಿಗಳನ್ನು ಸಾಲಾಗಿ ಒರಗಿಸಿದ್ದರು. ಅವುಗಳಲ್ಲಿ ನಾಲ್ಕನೇ ನಂಬರಿನದನ್ನು ಎಲ್ಲರೂ ಹೆಣ್ಣುಮಕ್ಕಳ ಕೋವಿ ಅನ್ನುತ್ತಿದ್ದರು. ತೆಳು ನಳಿಗೆ, ಮರದ ಬದಲು ಟೊಳ್ಳು ಪ್ಲಾಸ್ಟಿಕ್ಕು. ಎತ್ತಿದರೆ ಪೊರಕೆ ಎತ್ತಿದಷ್ಟು ಹಗುರ.

"ತಗೋ ಗುಬ್ಬಿ, ನಿನಗೇ ಹೇಳಿ ಮಾಡಿಸಿದ ಹಾಗಿದೆ" ಎಂದರು ಸೀಟಿ ಸಾರ್. ತರಬೇತಿ ಕೊಡುವ ಅವರ ಕೊರಳಲ್ಲಿ ಸೀಟಿ ಇಲ್ಲದ ಗಳಿಗೆಯನ್ನು ಯಾರೂ ಕಂಡಿರಲಿಲ್ಲ.

ಗುಬ್ಬಿ ತಲೆಯೆತ್ತದೆ ಕೋವಿ ತೆಗೆದುಕೊಂಡಳು. ಆರು ಜನರ ಸಾಲಿನಲ್ಲಿ ಅವಳೇ ಕುಳ್ಳಿ, ಅವಳೇ ಸಣಕಲಿ. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಈ ಕಾವಲು ಕಂಪನಿ ಬಿಟ್ಟರೆ ಬೇರೆ ಬಾಗಿಲು ತೆರೆದಿರಲಿಲ್ಲ. ಶುಕ್ರವಾರ ಪರೀಕ್ಷೆ. ಮೂವತ್ತು ಗುಂಡಿನಲ್ಲಿ ಇಪ್ಪತ್ನಾಲ್ಕಾದರೂ ಗುರಿಹಲಗೆಗೆ ಬೀಳಬೇಕು. ಬಿದ್ದರೆ ದೊಡ್ಡ ಉಗ್ರಾಣದ ಕಾವಲು ಕೆಲಸ, ಜೊತೆಗೆ ಅಲ್ಲೇ ವಸತಿ, ತನ್ನದೇ ಒಂದು ಬೀಗದ ಕೈ. ಬೀಳದಿದ್ದರೆ ಮತ್ತೆ ಅಣ್ಣನ ಮನೆ, ಅತ್ತಿಗೆಯ ಒಲೆ, ಅತ್ತಿಗೆಯ ಇಬ್ಬರು ಮಕ್ಕಳು.

ಮೊದಲ ಗುಂಡಿಗೇ ಹೆಣ್ಣುಮಕ್ಕಳ ಕೋವಿ ಕತ್ತೆಯ ಹಾಗೆ ಒದೆಯಿತು. ಎರಡನೆಯದಕ್ಕೆ ಅವಳು ಒದೆತಕ್ಕೆ ಹೆದರಿ ಮೊದಲೇ ಕಣ್ಣು ಮುಚ್ಚಿದಳು. ಹತ್ತರಲ್ಲಿ ಮೂರು ಬಿದ್ದವು.

"ರೂಢಿ ಆಗುತ್ತೆ. ಕೈಯಲ್ಲಿ ಬಲ ಇಲ್ಲದವರಿಗೆ ಹಗುರದ್ದೇ ಸರಿ" ಎಂದರು ಸೀಟಿ ಸಾರ್.

ಅಂದು ಸಂಜೆ ಅತ್ತಿಗೆ ಅವಳ ಹೆಗಲಿನ ಕಂದು ಮಚ್ಚೆಯನ್ನು ನೋಡಿದಳು. ಅತ್ತಿಗೆಯದೂ ಅದೇ ಕಂಪನಿಯಲ್ಲಿ ಕೆಲಸ, ಸಮವಸ್ತ್ರ ಹೊಲಿಯುವುದು. ಅಳತೆಪಟ್ಟಿ ಮನೆಯಲ್ಲೂ ಅವಳ ಕೊರಳಲ್ಲೇ ಜೋತಾಡುತ್ತಿತ್ತು.

"ಯಾವ ಕೋವಿ ಕೊಟ್ರು?"

"ಹಗುರದ್ದು."

"ಅದನ್ನ ಬಿಟ್ಟು ಒಂಬತ್ತನೇದು ತಗೋ. ಭಾರದ್ದು."

ಒಂಬತ್ತನೆಯದನ್ನು ಗುಬ್ಬಿ ಕಂಡಿದ್ದಳು. ಒನಕೆಯಂಥ ಹಳೆಯ ಮರದ ಕೋವಿ, ಗಂಡಸರೇ ಉಸ್ಸೆಂದು ಕೆಳಗಿಡುತ್ತಿದ್ದರು. ಅತ್ತಿಗೆ ಸುಮ್ಮಸುಮ್ಮನೆ ಬುದ್ಧಿ ಹೇಳುವ ಹೆಂಗಸಲ್ಲ. ಎಂಟು ವರ್ಷದಿಂದ ಇವಳು ಮಕ್ಕಳನ್ನು ನೋಡಿಕೊಂಡಿದ್ದಕ್ಕೇ ತಾನೆ ಅವಳು ನಿಶ್ಚಿಂತೆಯಾಗಿ ಕೆಲಸಕ್ಕೆ ಹೋಗುತ್ತಿದ್ದದ್ದು? ಈಗ ಇವಳೂ ಹೊರಟರೆ ಆ ಮನೆಯಲ್ಲಿ ಪಾತ್ರೆ ಮುಟ್ಟುವವರು ಯಾರು?

"ಕೈ ಮಡಿಸು" ಎಂದಳು ಅತ್ತಿಗೆ.

"ಯಾಕೆ?"

"ಅಂಗಿಗೆ."

ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನವರೆಗೆ ಪಟ್ಟಿ ಹಿಡಿದಳು. ಹನ್ನೆರಡು ಎಂದು ಗೊಣಗಿಕೊಂಡಳು. ಗುಬ್ಬಿಗೆ ಆ ಹೊತ್ತಿಗೆ ಏನೂ ಹೊಳೆಯಲಿಲ್ಲ. ಚಾಪೆಯ ಮೇಲೆ ಒರಗಿದಾಗ ಹೊಳೆಯಿತು. ಲೋಕದಲ್ಲಿ ಯಾವ ಅಂಗಿಗೂ ಆ ಅಳತೆ ಬೇಡ.

ಬುಧವಾರ ನಾಲ್ಕನೆಯದರಲ್ಲಿ ಹತ್ತಕ್ಕೆ ಎರಡು. ಹೆಗಲು ಕೆಂಡವಾಗಿತ್ತು. ಸೋತು ಒಂಬತ್ತನೆಯದನ್ನು ಕೇಳಿ ನೋಡಿದಳು. ಅದು ಅಷ್ಟಾಗಿ ಒದೆಯಲಿಲ್ಲ ನಿಜ, ಆದರೆ ಹೆಗಲಿಗಿಡುವ ಹಿಂದಿನ ಮರ ಉದ್ದ. ಬೆರಳು ಟ್ರಿಗರಿಗೆ ಎಟುಕಬೇಕಾದರೆ ತುಂಬಿದ ಕೊಡ ಸೊಂಟಕ್ಕಿಟ್ಟವಳಂತೆ ಹಿಂದಕ್ಕೆ ವಾಲಬೇಕಿತ್ತು. ಹತ್ತಕ್ಕೆ ನಾಲ್ಕು. ಎರಡೂ ಬೇಡವೆನ್ನಿಸಿತು.

ಕೋವಿ ಒಪ್ಪಿಸಲು ಹೋದಾಗ ಕಿಟಕಿಯ ಹತ್ತಿರ ಅತ್ತಿಗೆ ನಿಂತಿದ್ದಳು. ಒಳಗೆ ಕೋವಿಗಳ ದುರಸ್ತಿ ಮಾಡುವ ತುಕ್ಕಜ್ಜ. ಅತ್ತಿಗೆ ಒಂದು ಚೀಟಿ ಕೊಟ್ಟಳು, ಅಜ್ಜ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ ಜೇಬಿಗೆ ತುರುಕಿದ. ಗುಬ್ಬಿಯನ್ನು ಕಂಡದ್ದೇ ಇಬ್ಬರ ಮಾತೂ ನಿಂತಿತು. ಅವಳ ಕೈ ತಾನಾಗಿ ನೋಯುವ ಹೆಗಲಿಗೆ ಹೋಯಿತು.

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಮ್ಮ ಹೆಗಲು ಮುಟ್ಟಿ ನೋಡ್ಕೊಳ್ತೀಯ?" ಎಂದು ಅಜ್ಜ ನಕ್ಕ.

ಗುಬ್ಬಿ ನಗಲಿಲ್ಲ. ಕಳ್ಳರು ಯಾರೆಂದು ಅವಳಿಗೆ ಗೊತ್ತಿತ್ತು. ಏನು ಕದಿಯುತ್ತಿದ್ದಾರೆ ಎಂಬುದಷ್ಟೇ ತಿಳಿಯಬೇಕಿತ್ತು.

ಗುರುವಾರ ಬೆಳಿಗ್ಗೆ ಅದೂ ತಿಳಿಯಿತು. ಅನುಮಾನ ತಾಳದೆ ಎಲ್ಲರಿಗಿಂತ ಮುಂಚೆ ಬಂದು ಒಂಬತ್ತನೆಯದನ್ನು ಕೈಗೆತ್ತಿಕೊಂಡಳು. ಹಿಂದಿನ ಮರವನ್ನು ಯಾರೋ ಗರಗಸದಿಂದ ಕೊಯ್ದಿದ್ದರು. ಕಪ್ಪು ಮರದ ತುದಿಯಲ್ಲಿ ಹಸಿ ಹಳದಿ ಬಣ್ಣ, ಅದಕ್ಕೆ ಮತ್ತೆ ಜಡಿದ ತಗಡಿನ ಹೊಸ ಮೊಳೆಗಳು ಹೊಳೆಯುತ್ತಿದ್ದವು. ನೆಲದ ಮೇಲೆ ಇನ್ನೂ ಗುಡಿಸದ ಮರದ ಹೊಟ್ಟು.

ಭಾರದ್ದು ತಗೋ ಅಂತ ಹೇಳುವುದು, ಆಮೇಲೆ ಅದನ್ನೇ ಕೆಡಿಸುವುದು! ಊರಿಗೆಲ್ಲ ನಾಚುವ ಹುಡುಗಿ ಆ ದಿನ ನಾಚಿಕೆ ಮರೆತಳು. ಓಡಿಹೋಗಿ ಸೀಟಿ ಸಾರ್ ಕೋಣೆಯ ಬಾಗಿಲಲ್ಲಿ ನಿಂತಳು.

"ಸಾರ್, ನನ್ನ ಕೋವಿ ಕತ್ತರಿಸಿದ್ದಾರೆ."

"ಯಾರು?"

"ನಮ್ಮ ಅತ್ತಿಗೆ" ಎಂದುಬಿಟ್ಟಳು.

ಸೀಟಿ ಊದಿದ ರಭಸಕ್ಕೆ ಹೊಲಿಗೆ ಕೋಣೆಯಿಂದ ಅತ್ತಿಗೆ ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಬಂದಳು. ತುಕ್ಕಜ್ಜ ಕೈ ಒರೆಸಿಕೊಳ್ಳುತ್ತಾ ಬಂದ.

"ಕಂಪನಿ ಸೊತ್ತಿಗೆ ಗರಗಸ ಹಾಕೋಕೆ ನಿಮಗೆ ಹೇಳಿದ್ಯಾರು?"

"ಬುಡ ಹೇಗೂ ಬಿರುಕು ಬಿಟ್ಟಿತ್ತು ಸಾರ್" ಎಂದ ಅಜ್ಜ. "ಟೈಲರಮ್ಮ ಅಳತೆ ತಂದ್ಲು. ನಾನು ಕೊಯ್ದೆ."

ಅತ್ತಿಗೆ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಸೆರಗಿಗೆ ಚುಚ್ಚಿದಳು. ಗುಬ್ಬಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ಆಮೇಲೆ ಕೋವಿ ಎತ್ತಿ ಗುಬ್ಬಿಯ ಮಡಿಸಿದ ಕೈಗೆ ಇಟ್ಟಳು. ಮರದ ತುದಿ ಮೊಣಕೈಯ ಒಳಮಡಿಕೆಗೆ ಕೂತಿತು, ತೋರುಬೆರಳು ಸರಿಯಾಗಿ ಟ್ರಿಗರಿನ ಮೇಲೆ ಬಂತು.

"ಅಳತೆ ಇದು ಸಾರ್. ಆರಡಿ ಗಂಡಸಿನ ಅಂಗಿ ಹಾಕಿ ಈ ಹುಡುಗಿನ ಓಡು ಅಂದ್ರೆ ಓಡ್ತಾಳಾ? ಇನ್ನು ಹಗುರದ ಮಾತು. ಹಗುರದ ಹೊಲಿಗೆ ಮಿಷನ್ನು ಮೇಜಿನ ಮೇಲೆಲ್ಲ ಕುಣಿಯುತ್ತೆ. ಕಬ್ಬಿಣದ್ದು ಕೂತಲ್ಲೇ ಕೂತಿರುತ್ತೆ. ಗುಂಡು ಒಂದೇ, ಹೊಡೆತ ಒಂದೇ. ಹೊಡೆತ ತಿನ್ನೋಕೆ ಕೋವೀಲಿ ತೂಕ ಇಲ್ದಿದ್ರೆ ಅವಳ ಹೆಗಲೇ ತಿನ್ನಬೇಕು."

ಸೀಟಿ ಸಾರ್‌ಗೆ ಮಾತು ಹಿಡಿಸಿತೋ ಇಲ್ಲವೋ, ಹೆಂಗಸಿನ ಬಾಯಿಂದ ಕೇಳಬೇಕಾಯಿತಲ್ಲ ಎಂದು ಮುಖ ಊದಿತು.

"ನಾಳೆ ಇವಳು ಇದರಲ್ಲಿ ಪಾಸಾದ್ರೆ ದುರಸ್ತಿ ಅಂತ ಬರೀತೀನಿ. ಫೇಲಾದ್ರೆ ಹಾಳುಗೆಡವಿದ್ದು ಅಂತ. ಆಮೇಲೆ ನೀವಿಬ್ಬರೂ ಇಲ್ಲಿ ಕಾಲಿಡೋ ಹಾಗಿಲ್ಲ."

ಅಂದು ಅಡುಗೆಮನೆಯಲ್ಲಿ ಅತ್ತಿಗೆ ಒಲೆ ಒರೆಸುತ್ತಿದ್ದಳು. ಗುಬ್ಬಿ ಪಾತ್ರೆ ತೊಳೆಯುತ್ತಾ ಅವಳ ಬೆನ್ನನ್ನೇ ನೋಡುತ್ತಿದ್ದಳು. ಅನುಮಾನ ಇನ್ನೂ ಹೋಗಿರಲಿಲ್ಲ, ಬಣ್ಣ ಬದಲಿಸಿತ್ತು ಅಷ್ಟೇ. ಇಷ್ಟು ಉಪಕಾರ ಯಾಕೆ? ಅದೂ ಕದ್ದು?

"ನನಗೆ ಮೊದಲೇ ಹೇಳಬಹುದಿತ್ತಲ್ಲ ಅತ್ತಿಗೆ?"

"ಹೇಳಿದ್ರೆ ಒಪ್ತಿದ್ಯಾ? ನಾನು ನೀರು ಕೊಟ್ರೂ ಮೂಸಿ ಕುಡಿಯೋಳು ನೀನು."

"ಮತ್ತೆ ಯಾಕೆ ಮಾಡಿದ್ರಿ?"

ಅತ್ತಿಗೆ ತಿರುಗಿ ನಿಂತಳು.

"ನಿನ್ನ ಮೇಲೆ ಪ್ರೀತಿ ಉಕ್ಕಿ ಹರೀತು ಅಂದ್ಕೊಂಡ್ಯಾ? ಪಾಸಾದ್ರೆ ಅಲ್ಲೇ ವಸತಿ ಕೊಡ್ತಾರೆ. ಎಂಟು ವರ್ಷ ಆಯ್ತು, ನಾನು ನಿಮ್ಮ ಅಣ್ಣನ ಹತ್ರ ಜಗಳ ಆಡಿದ್ರೂ ಗೋಡೆ ಆಚೆ ನಿನ್ನ ಕಿವಿ, ನಕ್ಕರೂ ನಿನ್ನ ಕಿವಿ. ಬೆಕ್ಕಿನ ಹಾಗೆ ಮೂಲೇಲಿ ಕೂತು ನೋಡ್ತಾ ಇರ್ತೀಯ. ಮಕ್ಕಳು ದೊಡ್ಡೋರಾದ್ರು, ಅವರ ತಟ್ಟೆ ಅವರು ತೊಳ್ಕೊಳ್ತಾರೆ. ನೀನು ಹೊರಡು ತಾಯಿ."

ಗುಬ್ಬಿಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ತನ್ನನ್ನು ಕಟ್ಟಿಹಾಕಲು ಹೊಂಚುತ್ತಿದ್ದಾಳೆ ಅಂದುಕೊಂಡಿದ್ದಳು. ಹೊಂಚು ಇದ್ದದ್ದು ನಿಜ, ಅವಳು ಊಹಿಸಿದ ದಿಕ್ಕು ಮಾತ್ರ ತಪ್ಪಿತ್ತು. ಅವಮಾನವಾಗಬೇಕಿತ್ತು. ಆದರೆ ಬಹಳ ದಿನದ ಮೇಲೆ ಮೊದಲ ಸಲ ಅವಳ ಹೊಟ್ಟೆ ತಣ್ಣಗಾಯಿತು. ಪ್ರೀತಿಗಾಗಿ ಮಾಡಿದೆ ಎಂದಿದ್ದರೆ ನಾಳೆ ಆ ಕೋವಿಯನ್ನು ಮುಟ್ಟುತ್ತಿರಲಿಲ್ಲ. ಅತ್ತಿಗೆ ತನ್ನ ಲಾಭಕ್ಕೆ ಕೊಯ್ಯಿಸಿದ ಮರ ಅಳತೆ ತಪ್ಪಿರಲಾರದು.

ಶುಕ್ರವಾರ ಸೀಟಿ ಸಾರ್ ನಾಲ್ಕನೆಯದನ್ನೇ ಮುಂದೆ ಚಾಚಿದರು. "ಇನ್ನೂ ಕಾಲ ಮಿಂಚಿಲ್ಲ. ನೀನು ಇದರಲ್ಲಿ ಹೊಡಿ. ಅವರ ಕಥೆ ಅವರಿಗೆ."

"ಒಂಬತ್ತನೇದು ಕೊಡಿ ಸಾರ್."

ನಿಂತು ಹೆಗಲಿಗೇರಿಸಿದಳು. ಕೆನ್ನೆ ಮರದ ಮೇಲೆ ಕೂತಿತು. ಭಾರ ಎರಡು ಕೈಗಳ ನಡುವೆ ನಿಂತು, ಮುಂದಕ್ಕೆ ಜಗ್ಗಲಿಲ್ಲ. ಮೊದಲ ಗುಂಡಿಗೆ ಕೋವಿ ಒದೆಯಲಿಲ್ಲ, ತಳ್ಳಿತು. ಎರಡನೆಯದಕ್ಕೆ ಕಣ್ಣು ಮುಚ್ಚಲಿಲ್ಲ. ಇಪ್ಪತ್ತರ ಹೊತ್ತಿಗೆ ತೋಳು ನಡುಗತೊಡಗಿ ಸಾಲಾಗಿ ಮೂರು ತಪ್ಪಿದವು. ಹಿಂದಿನಿಂದ ಯಾರೋ ಅಯ್ಯೋ ಎಂದರು. ಕೋವಿ ಇಳಿಸಿ, ಹತ್ತು ಉಸಿರು ಎಣಿಸಿ, ಮತ್ತೆ ಏರಿಸಿದಳು.

ಇಪ್ಪತ್ತಾರು. ಸೀಟಿ ಸಾರ್ ಹಲಗೆಯ ತೂತುಗಳನ್ನು ಎರಡು ಸಲ ಎಣಿಸಿ, ಪುಸ್ತಕದಲ್ಲಿ ದುರಸ್ತಿ ಎಂದು ಬರೆದರು. ತುಕ್ಕಜ್ಜ ಇಣುಕಿ ನೋಡಿ, "ಅಕ್ಷರ ಸ್ವಲ್ಪ ದೊಡ್ಡದಾಗಿ ಬರೀರಿ ಸಾರ್, ನನಗೆ ಕಣ್ಣು ಕಾಣಲ್ಲ" ಎಂದ.

ಮನೆಗೆ ಬಂದಾಗ ಬಾಗಿಲ ಹತ್ತಿರ ಅವಳ ಹಾಸಿಗೆ ಸುರುಳಿ ಸುತ್ತಿ ಕೂತಿತ್ತು. ಪಕ್ಕದಲ್ಲಿ ಬಟ್ಟೆಯ ಗಂಟು. ಎಷ್ಟು ಬಿತ್ತೆಂದು ಇನ್ನೂ ಯಾರೂ ಕೇಳಿರಲಿಲ್ಲ.

"ಇಪ್ಪತ್ತಾರು" ಎಂದಳು ಗುಬ್ಬಿ.

"ಹೂಂ" ಎಂದಳು ಅತ್ತಿಗೆ.

"ನಿನ್ನೆ ಸಾರ್ ಹತ್ರ ನಿಮ್ಮ ಹೆಸರು ಹೇಳಬಾರದಿತ್ತು."

"ಹೇಳಿದ್ದಾಯ್ತಲ್ಲ."

ಗುಬ್ಬಿ ನೆಲಕ್ಕೆ ಕೂತು, ಒಂದು ಗಳಿಗೆ ಹಿಂಜರಿದು, ಗಂಟು ಬಿಚ್ಚಿದಳು. ಒಂದೊಂದೇ ಬಟ್ಟೆ ತೆಗೆದು ಪಕ್ಕಕ್ಕಿಡತೊಡಗಿದಳು.

ಅತ್ತಿಗೆ ಬಾಗಿಲಿಗೆ ಒರಗಿ ನೋಡುತ್ತಾ ನಿಂತಳು. "ಎಣಿಸ್ಕೋ, ಎಣಿಸ್ಕೋ" ಎಂದಳು. "ನನ್ನದೇನಾದ್ರೂ ಸೇರಿಕೊಂಡಿದ್ಯಾ ಅಂತ ನಾನೂ ಎಣಿಸಿಯೇ ಕಟ್ಟಿದ್ದು."