ಕಿವಿ ಮೇಸ್ತ್ರಿ ಕೊಟ್ಟ ಸಲಹೆ

ಊರಿನವರೆಲ್ಲ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿ ಕಣ್ಣು ಮುಚ್ಚಿದನೆಂದರೆ, ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಅವನಿಗೆ ಅನ್ನ ಹಾಕಿದ ಆ ಕಿವಿ ಎರಡು ವರ್ಷದಿಂದ ಮಂದವಾಗಿತ್ತು. ಹೆಂಡತಿಗೂ ಹೇಳಿರಲಿಲ್ಲ. ಕಿವಿಯೇ ಹೋದ ಮೇಲೆ ಕಿವಿ ಮೇಸ್ತ್ರಿಯಲ್ಲಿ ಉಳಿಯುವುದೇನು, ಮಣ್ಣು!

ಮಧ್ಯಾಹ್ನ ತಂಗಿ ಬಂದಳು. ಡಯಾಲಿಸಿಸ್ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ಅವಳದು. ಹೋದ ಮಂಗಳವಾರ ಅದು ಸೇತುವೆಯ ಮೇಲೆ ಬೇರಿಂಗ್ ಒಡೆದು, ಬೆಲ್ಟು ಹರಿದು ನಿಂತುಬಿಟ್ಟಿತ್ತು. ಒಳಗಿದ್ದ ನಾಲ್ವರಲ್ಲಿ ಒಬ್ಬ ಮುದಿ ದರ್ಜಿ, ಚಿಕಿತ್ಸೆ ತಡವಾಗಿ ಉಸಿರಾಡಲು ಒದ್ದಾಡಿದವನು, ಇನ್ನೂ ಆಸ್ಪತ್ರೆಯಲ್ಲೇ ಇದ್ದ. ಅದಕ್ಕೂ ಹತ್ತು ದಿನ ಮುಂಚೆ ಅದೇ ವ್ಯಾನಿಗೆ ಕಿವಿಗೊಟ್ಟು, ಗುಂಡುಕಲ್ಲಿನ ಹಾಗಿದೆ ಹೋಗು ಎಂದವನು ಈ ಅಣ್ಣನೇ.

ತಂಗಿ ಹೊಸ ವ್ಯಾನಿನ ದರ ಬರೆದ ಎರಡು ಕಾಗದಗಳನ್ನು ಬೆಂಚಿನ ಮೇಲೆ ಹರಡಿದಳು. ಒಂದು ಪೆಟ್ರೋಲ್ ವ್ಯಾನು, ಇನ್ನೊಂದು ಬ್ಯಾಟರಿಯದು.

"ಸಂಜೆಯೊಳಗೆ ಶೋರೂಮಿಗೆ ಹೇಳ್ಬೇಕು. ಯಾವುದು ಕೈ ಕೊಡಲ್ಲ, ನೀನೇ ಹೇಳಣ್ಣ."

"ಪೆಟ್ರೋಲಿಂದು ಕೆಟ್ರೆ ಎಲ್ಲಿ ಬೇಕಾದ್ರೂ ರಿಪೇರಿ ಆಗುತ್ತೆ. ಬ್ಯಾಟರಿದು ಕೆಟ್ರೆ ಕಂಪನಿಯವರ ಬಾಗಿಲು ಕಾಯ್ಬೇಕು."

"ಕೆಡೋದು ಯಾವುದು ಜಾಸ್ತಿ?"

ಸುಳ್ಳು ಹೇಳಲೂ ಅವನಿಗೆ ತ್ರಾಣವಿರಲಿಲ್ಲ. "ಪೆಟ್ರೋಲಿಂದೇ. ಅದರಲ್ಲಿ ಆಯಿಲ್ಲು, ಬೆಲ್ಟು, ನೂರೆಂಟು ತಾಪತ್ರಯ. ಬ್ಯಾಟರಿದ್ರಲ್ಲಿ ತಿರುಗೋ ಸಾಮಾನೇ ಬೆರಳೆಣಿಕೆ."

"ಅಂದ್ರೆ ತಪ್ಪು ಎಂಜಿನ್ನಿಂದೇ ಅನ್ನು. ದರ್ಜಿ ಮನೆಯವರಿಗೂ ಹಾಗೇ ಹೇಳಿದ್ದೀನಿ."

ತಲೆಯಾಡಿಸಿದ್ದರೆ ಸಾಕಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲವನ್ನೇ ಬೈದು ಎರಡು ವರ್ಷ ತಳ್ಳಿದ್ದ, ಇನ್ನೂ ತಳ್ಳಬಹುದಿತ್ತು. ಆದರೆ ಬಚ್ಚಿಟ್ಟು ಬಚ್ಚಿಟ್ಟು ಅವನಿಗೆ ಸುಸ್ತಾಗಿತ್ತು.

"ಎಂಜಿನ್ ತಪ್ಪಲ್ಲ. ಆ ಬೇರಿಂಗ್ ಹತ್ತು ದಿನ ಮುಂಚೇನೇ ಕೂಗಿರ್ಬೇಕು. ನಂಗೆ ಕೇಳಿಸ್ಲಿಲ್ಲ. ಬಲಗಿವಿ ಹೋಗಿದೆ ಕಣೇ."

ತಂಗಿ ಕಾಗದಗಳನ್ನು ಮಡಚಿದಳು. "ಗೊತ್ತಣ್ಣ."

"ಯಾವಾಗಿಂದ?"

"ನೀನು ನೋಡಿದ ಮೇಲೆ ಪ್ರತಿ ಸಲ ಹಿಂದಿನ ಬೀದಿ ಗ್ಯಾರೇಜಲ್ಲಿ ಇನ್ನೊಂದು ಸಲ ತೋರಿಸ್ತಿದ್ದೆ. ನಿಂಗೆ ಬೇಜಾರಾಗ್ಬಾರ್ದು ಅಂತ ಇಲ್ಲಿಗೆ ಬರೋದು ಬಿಡ್ಲಿಲ್ಲ. ಈ ಸಲ ಅಲ್ಲಿಗೆ ಹೋಗೋಕೆ ಪುರುಸೊತ್ತಾಗ್ಲಿಲ್ಲ." ಅವಳು ಕಾಗದಗಳನ್ನು ಚೀಲಕ್ಕೆ ತುರುಕಿದಳು. "ನಂಗೂ ಸಾಕಾಗಿದೆ. ಬ್ಯಾಟರಿದಾದ್ರೆ ನಿನ್ನ ಹತ್ರ ತರೋ ಹಾಗೇ ಇರಲ್ಲ. ಅದಕ್ಕೇ ಅದು ಬೇಕು."

ಅವನಿಗೆ ಸಿಟ್ಟು ಬರಬೇಕಿತ್ತು. ನಾಚಿಕೆಯಷ್ಟೇ ಬಂತು. ಸೀಮೆಎಣ್ಣೆಯಲ್ಲಿ ಕೈ ತೊಳೆದು, ಬಟ್ಟೆಗೆ ಒರೆಸಿಕೊಂಡು, ಇನ್ನೂ ಮೂರು ಗಂಟೆಯಾಗಿದ್ದರೂ ಗ್ಯಾರೇಜಿನ ಶಟರ್ ಎಳೆದ.

"ಅದನ್ನೇ ತಗೋ. ಈಗ ನಡಿ, ಆಸ್ಪತ್ರೆಗೆ ಹೋಗೋಣ. ದರ್ಜಿಗೆ ನಾನೇ ಹೇಳ್ತೀನಿ."

ತಂಗಿ ಬೇಡವೆನ್ನಲಿಲ್ಲ. ರಸ್ತೆಗಿಳಿದ ಕೂಡಲೇ ಅವನ ಹಿಂದಿನಿಂದ ಸುತ್ತಿಕೊಂಡು ಎಡಗಡೆಗೆ, ಕೇಳುವ ಕಿವಿಯ ಕಡೆಗೆ ಬಂದು ಹೆಜ್ಜೆ ಹಾಕಿದಳು. ಎರಡು ವರ್ಷದಿಂದಲೂ ಅವಳು ಹಾಗೆಯೇ ನಡೆಯುತ್ತಿದ್ದಳೆಂಬುದು ಅವನಿಗೆ ಆಗ ಹೊಳೆಯಿತು.